ಕಿಸೆಯಲ್ಲಿ ಉಳಿದ ಫ್ಯೂಸು

ನಾನು ಒಂದು ಫ್ಯೂಸು. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ನೀಲಿ ಮೈ, ಎರಡು ಚಪ್ಪಟೆ ಕಾಲು. ನೆತ್ತಿಯ ಮೇಲೆ ಹದಿನೈದು ಎಂಬ ಅಂಕಿ ಇದೆ. ನನ್ನನ್ನು ಬೆಳಕಿಗೆ ಹಿಡಿದರೆ ಎರಡು ಕಾಲುಗಳನ್ನು ಕೂಡಿಸುವ ತೆಳ್ಳಗಿನ ಲೋಹದ ಎಳೆಯೊಂದು ಒಳಗೆ ಕಾಣುತ್ತದೆ. ನನ್ನ ಪ್ರಾಣ ಇರುವುದು ಅದರಲ್ಲಿ.

ನಾನು ಹುಟ್ಟಿದ್ದು ಪುಣೆಯ ಅಂಚಿನ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಪ್ರತಿ ರಾಶಿಯಿಂದ ಹತ್ತು ಫ್ಯೂಸುಗಳನ್ನು ಆರಿಸಿ ಒಂದು ಯಂತ್ರದಲ್ಲಿ ಸಿಕ್ಕಿಸುತ್ತಿದ್ದರು. ಕರೆಂಟು ಏರುತ್ತಾ ಹೋಗಿ, ಒಳಗಿನ ಎಳೆ ಕೆಂಪಾಗಿ, ಚಿಟ್ಟೆಂದು ತುಂಡಾಗುವುದು. ತುಂಡಾದರೆ ಉಳಿದವರಿಗೆಲ್ಲ ಬದುಕು. ಒಂದೇ ಒಂದು ಮೊಂಡು ಹಿಡಿದು ಸುಡದೆ ಉಳಿದರೂ ಇಡೀ ರಾಶಿ ಗುಜರಿಗೆ. ಸಾಯಲು ಒಲ್ಲದವರಿಗೆ ನಮ್ಮ ಕುಲದಲ್ಲಿ ಜಾಗವಿಲ್ಲ ಎಂಬುದನ್ನು ನಾನು ಹುಟ್ಟಿದ ದಿನವೇ ಕಲಿತೆ.

ಅಲ್ಲಿಂದ ಲಾರಿಯೇರಿ ಮೋಟೆಬೆನ್ನೂರಿಗೆ ಬಂದೆ. ಹೆದ್ದಾರಿಯ ಪಕ್ಕದಲ್ಲಿ ದಾವಲಸಾಬನ ಅಂಗಡಿ. ಲಾರಿಗಳ ದೀಪ, ಹಾರ್ನು, ಬ್ಯಾಟರಿ ನೋಡುವುದು ಅವನ ಕೆಲಸ. ಐವತ್ತು ದಾಟಿದ ಮನುಷ್ಯ. ಎಡಗೈಯ ಎರಡು ಬೆರಳುಗಳ ಚರ್ಮ ಯಾವುದೋ ಕಾಲದಲ್ಲಿ ಸುಟ್ಟು ಮುದುರಿಕೊಂಡಿತ್ತು. ಅವನು ವೈರು ಸುಲಿಯುವಾಗ ಹಣ್ಣಿನ ಸಿಪ್ಪೆ ತೆಗೆದಷ್ಟು ಮೆಲ್ಲಗೆ ಸುಲಿಯುತ್ತಿದ್ದ.

ಒಂದು ದಿನ ಬ್ಯಾಡಗಿಯ ಗುಡ್ಡಪ್ಪ ತನ್ನ ಲಾರಿ ತಂದು ನಿಲ್ಲಿಸಿದ. ಮೆಣಸಿನಕಾಯಿ ತುಂಬಿಕೊಂಡು ಶಿರಸಿಯ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗುವುದು ಅವನ ಕಾಯಕ. ಹೆಂಡತಿ ಹೊನ್ನವ್ವನೂ ಜೊತೆಗೆ ಬಂದಿದ್ದಳು. ಹಿಂದಿನ ಚಳಿಗಾಲ ದೇವಿಮನೆ ಘಟ್ಟದ ಮಂಜಿನಲ್ಲಿ, ನಿಂತಿದ್ದ ಟ್ರ್ಯಾಕ್ಟರೊಂದು ಅವನಿಗೆ ಕಂಡದ್ದು ಇನ್ನು ನಾಲ್ಕೈದು ಮಾರು ದೂರವಿದೆ ಎನ್ನುವಾಗ. ಆ ಟ್ರೇಲರಿನಲ್ಲಿ ಕೂಲಿ ಹೆಂಗಸರು ಕೂತಿದ್ದರಂತೆ. ಹೇಗೋ ಲಾರಿ ನಿಂತಿತು. ಆದರೆ ಅಂದಿನಿಂದ ಮಂಜು ಕಂಡರೆ ಗುಡ್ಡಪ್ಪ ಲಾರಿಯನ್ನು ಬದಿಗೆ ಹಾಕಿ ಬಿಸಿಲಿಗೆ ಕಾಯುತ್ತಿದ್ದ.

"ಮಂಜಿನಾಗ ಹಾದಿ ಕಾಣುವಂಗ ಎರಡ್ ಹಳದಿ ದೀಪ ಹಾಕಿಕೊಡು, ದಾವಲಣ್ಣಾ. ಇಲ್ಲಾಂದ್ರ ನಾ ಗಾಡಿ ಮಾರಿ ಕುರಿ ಕಾಯ್ತೇನಿ," ಎಂದ.

"ಕುರೀನೂ ಮಂಜಿನಾಗ ಕಾಣೂದಿಲ್ಲೋ ಮಾರಾಯಾ," ಎಂದು ದಾವಲಸಾಬ ನಕ್ಕು ಕೆಲಸಕ್ಕೆ ಕೂತ.

ಬಂಪರಿನ ಕೆಳಗೆ ಎರಡು ದೀಪ ಕೂತವು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ ನನ್ನ ಗೂಡು, ಅಲ್ಲಿಂದ ಸ್ವಿಚ್ಚು ಒತ್ತಿದಾಗ ಕರೆಂಟು ಬಿಡುವ ರಿಲೇ, ಅಲ್ಲಿಂದ ದೀಪ. ದಾವಲಸಾಬ ನನ್ನನ್ನು ಗೂಡಿಗೆ ಒತ್ತಿ ಕೂರಿಸಿದಾಗ ಹೊನ್ನವ್ವ ಬಗ್ಗಿ ನೋಡಿದಳು. ಅವಳು ಏನನ್ನೂ ಒಮ್ಮೆ ನೋಡಿ ಬಿಡುವವಳಲ್ಲ.

"ಅದೇನಣ್ಣಾ, ನೀಲೀದು?"

"ಫ್ಯೂಸ್, ತಂಗೆವ್ವಾ. ವೈರಿನಾಗ ಹೆಚ್ಚು ಕಮ್ಮಿ ಆತಂದ್ರ ಮೊದಲ ಇದು ಸುಟ್ಕೊಂಡು ದೀಪ ಆರಸ್ತೈತಿ. ಗಾಡಿ ಉಳೀತೈತಿ."

"ಆರಬಾರದಲ್ಲ, ದೀಪ?"

"ಆರಬೇಕು. ಆರಿದಾಗ ಯಾಕ ಆರಿತು ಅಂತ ನನ್ನ ಕಡೆ ಬರ್ರಿ. ಈ ವೈರು ಎರಡ ದೀಪದ್ದು. ಮೂರನೇದು ಹಾಕಬ್ಯಾಡ್ರಿ."

ನನ್ನಂಥದೇ ಇನ್ನೊಂದನ್ನು ಕಾಗದದಲ್ಲಿ ಸುತ್ತಿ, ಹೆಚ್ಚಿಗೆ ಇರಲಿ ಎಂದು ಗುಡ್ಡಪ್ಪನ ಕೈಗಿತ್ತ.

ಆ ಚಳಿಗಾಲ ನನ್ನ ಬಾಳಿನ ಒಳ್ಳೆಯ ಕಾಲ. ಬೆಳಗಿನ ಮಂಜಿನಲ್ಲಿ ಗುಡ್ಡಪ್ಪ ಸ್ವಿಚ್ಚು ಒತ್ತಿದಾಗ ಕರೆಂಟು ನನ್ನ ಮೈಯೊಳಗೆ ಬೆಚ್ಚಗೆ ಹರಿದುಹೋಗುವುದು. ಮುಂದೆ ರಸ್ತೆ ಅರಿಶಿನ ಬಳಿದಂತೆ ಕಾಣುವುದು. ಅವನು ಎಲ್ಲೂ ಬದಿಗೆ ನಿಲ್ಲಿಸದೆ ಘಟ್ಟ ಇಳಿಯುತ್ತಿದ್ದ. ನಾನು ಮಾಡಿದ್ದು ಏನೂ ಇಲ್ಲ. ಸುಮ್ಮನೆ ಕೂತು ಕಾಯುವುದೇ ನನ್ನ ಕೆಲಸ.

ಮರುವರ್ಷ ಹೊನ್ನವ್ವನ ತಮ್ಮ ಶೇಖಪ್ಪ ಲಾರಿಗೆ ಎರಡನೇ ಡ್ರೈವರಾಗಿ ಬಂದ. ಇಪ್ಪತ್ತೆಂಟರ ಹುರುಪಿನ ಆಳು, ಮಾತುಗಾರ, ಅಕ್ಕನೆಂದರೆ ಜೀವ. ದಸರೆಯ ಖಂಡೇಪೂಜೆಗೆ ಲಾರಿ ಮೆರೆಯಬೇಕೆಂದು ಅವನಿಗೆ ಆಸೆ. ಕ್ಯಾಬಿನ್ನಿನ ನೆತ್ತಿಯ ಮೇಲೆ ನಾಲ್ಕು ದೊಡ್ಡ ದೀಪ ತಂದು ಕೂರಿಸಿದ. ಅವುಗಳ ವೈರನ್ನು ಸೀಟಿನ ಹಿಂದಿನ ಮಲಗುವ ಹಲಗೆಯ ಪಕ್ಕದಲ್ಲಿ ಇಳಿಸಿ, ಅಲ್ಲೇ ಹಾದುಹೋಗಿದ್ದ ದಾವಲಸಾಬನ ವೈರಿಗೇ ಗಂಟು ಹಾಕಿದ. ಒಂದೇ ಸ್ವಿಚ್ಚಿಗೆ ಆರು ದೀಪ. ಗಂಟು ಹಾಕುವ ಮುಂಚೆ ನನ್ನನ್ನು ಕಿತ್ತು ಮಡ್‌ಗಾರ್ಡಿನ ಮೇಲಿಟ್ಟ. ಕೆಲಸ ಮುಗಿದಾಗ ಹಬ್ಬಕ್ಕೆ ಹೊಸದೇ ಇರಲಿ ಎಂದು ಕಾಗದದಲ್ಲಿದ್ದ ನನ್ನ ಜೊತೆಯವಳನ್ನು ಗೂಡಿಗೆ ಹಾಕಿದ. ನಾನು ಅಲ್ಲೇ ಮರೆತುಹೋದೆ.

ಲಾರಿಗೆ ಬಾಳೆಕಂದು, ಚೆಂಡುಹೂವು. ಹೊನ್ನವ್ವನ ತಾಯಿ ಕಲ್ಲವ್ವ ಆರತಿ ತಟ್ಟೆ ಹಿಡಿದು ಮುಂದೆ ನಿಂತಳು. ಶೇಖಪ್ಪ ಸ್ವಿಚ್ಚು ಒತ್ತಿದ. ಆರೂ ದೀಪ ಹೊತ್ತಿ ಓಣಿಯವರೆಲ್ಲ ಹೋ ಎಂದರು. ಮುದುಕಿ ಆರತಿಯನ್ನು ಒಂದು ಸುತ್ತು ಎತ್ತಿ ಎರಡನೆಯದಕ್ಕೆ ತಂದಿದ್ದಳು. ಅಷ್ಟರಲ್ಲಿ ನನ್ನ ಜೊತೆಯವಳು ತನ್ನ ಕೆಲಸ ಮಾಡಿದಳು. ಆರೂ ದೀಪ ಒಟ್ಟಿಗೆ ಆರಿದವು.

ಕಲ್ಲವ್ವನ ತಟ್ಟೆ ಗಾಳಿಯಲ್ಲೇ ನಿಂತಿತ್ತು.

"ಆರತಿ ಮುಂದ ದೀಪ ಆರಿತಲ್ಲೋ ಶಿವನೇ. ಇದು ಒಳ್ಳೇದಲ್ಲ," ಎಂದಳು.

ಗುಡ್ಡಪ್ಪನ ಮುಖ ಬಿಳುಚಿಕೊಂಡಿತು. ಹೊನ್ನವ್ವ ಮಾತ್ರ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ ನನ್ನನ್ನು ಹುಡುಕಿ ತಂದಳು.

"ಅಪಶಕುನ ಅಲ್ಲವ್ವಾ. ಹೆಚ್ಚಾದ್ರ ಇದು ಸುಡ್ತೈತಿ ಅಂತ ದಾವಲಣ್ಣ ಹೇಳಿದ್ದ. ಆ ನಾಕು ದೀಪ ಬಿಚ್ಚಿ ಇದನ್ನ ಹಾಕ್ರಿ."

"ಅಕ್ಕಾ, ನೀ ಯಾವಾಗ ಮೇಸ್ತ್ರಿ ಆದಿ?" ಎಂದು ಶೇಖಪ್ಪ ನಗಿಸಲು ನೋಡಿದ. ಮಾವನ ಮುಖ ಕಂಡು ನಗು ನುಂಗಿಕೊಂಡ. "ಮಾವಾ, ಇನ್ನ ಮ್ಯಾಲ ಆರದಂಗ ಮಾಡ್ತೇನಿ ತಡಿ." ಗೂಡಿನಿಂದ ಕರಕಲಾದವಳನ್ನು ಕಿತ್ತೆಸೆದು, ಅದೇ ಜಾಗಕ್ಕೆ ದಪ್ಪನೆಯ ತಾಮ್ರದ ತಂತಿಯನ್ನು ಮಡಿಸಿ ತುರುಕಿದ. ದೀಪಗಳು ಹೊತ್ತಿದವು. ಕಲ್ಲವ್ವ ಮತ್ತೆ ಮೊದಲಿನಿಂದ ಆರತಿ ಎತ್ತಿದಳು. ಈ ಸಲ ಆರಲಿಲ್ಲ. ಗುಡ್ಡಪ್ಪ ಉಸಿರು ಬಿಟ್ಟ.

ಆ ತಾಮ್ರದ ತಂತಿಗೆ ಸಾಯುವುದು ತಿಳಿಯದು. ಎಷ್ಟು ಕರೆಂಟು ಬಂದರೂ ಹರಿಯಲು ಬಿಡುತ್ತದೆ.

ಹೊನ್ನವ್ವ ನನ್ನನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಅವಳು ಹಗಲೆಲ್ಲ ಮಾರುಕಟ್ಟೆಯ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಬೆರಳು ಸದಾ ಉರಿಯುತ್ತಿದ್ದವು. ಆ ಬೆರಳುಗಳಿಂದಲೇ ನಡುನಡುವೆ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ದಾವಲಣ್ಣನ ಹತ್ತಿರ ಹೋಗಿಬನ್ನಿ ಎಂದು ಗಂಡನಿಗೆ ಎಷ್ಟು ಸಲ ಹೇಳಿದಳೋ. ಮಂಜಿಲ್ಲದ ದಿನಗಳು, ದೀಪ ಹಾಕುವ ಪ್ರಮೇಯವೇ ಬರಲಿಲ್ಲ. ಏನೂ ಆಗದೆ ಮೂರು ತಿಂಗಳು ಕಳೆದಾಗ ಅವಳ ಮಾತೇ ಅತಿಯಾಗಿ ಕೇಳತೊಡಗಿತು.

ಜನವರಿಯ ಒಂದು ಶುಕ್ರವಾರ ಹೊಸ ಮೆಣಸಿನಕಾಯಿಯ ಲೋಡು ತುಂಬಿ ತಾಡಪತ್ರಿ ಬಿಗಿದರು. ಹೊರಡುವಾಗ ಹೊನ್ನವ್ವ ನನ್ನನ್ನು ಗಂಡನ ಅಂಗಿಯ ಕಿಸೆಗೆ ಹಾಕಿ ಗುಂಡಿಯನ್ನೂ ತಾನೇ ಹಾಕಿದಳು.

"ಮೋಟೆಬೆನ್ನೂರು ಹಾದಿಮ್ಯಾಲ ಐತಿ. ಇಳಿದು ಹಾಕಿಸ್ಕೊಂಡು ಹೋಗ್ರಿ. ಇದೊಂದು ನನ್ನ ಮಾತು ಕೇಳ್ರಿ."

"ಆತು ಬಿಡ, ಹಾಕಿಸ್ತೇನಿ," ಎಂದ ಗುಡ್ಡಪ್ಪ.

ಅವನು ಸುಳ್ಳು ಹೇಳಲಿಲ್ಲ. ಲಾರಿ ನಿಲ್ಲಿಸಿ ಇಳಿದ. ಅಂಗಡಿಯಲ್ಲಿ ದಾವಲಸಾಬ ಇರಲಿಲ್ಲ. ಪಕ್ಕದ ಚಹಾದವ, "ನಮಾಜಿಗೆ ಹೋಗ್ಯಾನ್ರಿ, ಅರ್ಧ ತಾಸಿನಾಗ ಬರ್ತಾನ, ಕುಂದರ್ರಿ," ಎಂದ. ಗುಡ್ಡಪ್ಪ ಬೆಂಚಿನ ಮೇಲೆ ಕೂತ. ಕಿಸೆಯ ಮೇಲಿಂದ ನನ್ನನ್ನು ಒಮ್ಮೆ ತಟ್ಟಿ ನೋಡಿದ. ಆ ಅರ್ಧ ತಾಸಿನ ಮೇಲೆ ಎಷ್ಟು ನಿಂತಿದೆ ಎಂದು ಅಲ್ಲಿ ಬಲ್ಲವನು ನಾನೊಬ್ಬನೇ. ನನಗೆ ಬಾಯಿಲ್ಲ.

ಲಾರಿಯಿಂದ ಶೇಖಪ್ಪ ಕೂಗಿದ: "ಮಾವಾ, ಮೂರ್ ತಿಂಗಳಾತು, ಏನಾಗೇತಿ ಹೇಳು? ಹೊತ್ತಿರ್ತ ಶಿರಸಿ ಮುಟ್ಟೋಣು. ಬರೂವಾಗ ಹಾಕಿಸಿದ್ರಾತು. ಅಕ್ಕಗ ನಾ ಹೇಳೂದಿಲ್ಲ, ಬಾ."

ಗುಡ್ಡಪ್ಪ ಎದ್ದ.

ಶಿರಸಿಯಲ್ಲಿ ತಂಗಿ, ಬೆಳಕು ಹರಿಯುವಾಗ ಹೊರಟರು. ಶೇಖಪ್ಪ ಸೀಟಿನ ಹಿಂದಿನ ಹಲಗೆಯ ಮೇಲೆ ಕಂಬಳಿ ಹೊದ್ದು ಮಲಗಿದ. ದೇವಿಮನೆಯ ತಿರುವುಗಳಲ್ಲಿ ಮಂಜು ಹಾಲಿನಂತೆ ನಿಂತಿತ್ತು. ಗುಡ್ಡಪ್ಪ ಸ್ವಿಚ್ಚು ಒತ್ತಿದ. ಆರು ದೀಪಗಳ ಬೆಳಕಿನಲ್ಲಿ ಹಾದಿ ನಿಚ್ಚಳವಾಯಿತು. ಅವನು ಮೆಲ್ಲಗೆ ಸಿಳ್ಳೆ ಹಾಕುತ್ತಾ ಇಳಿಯುತ್ತಿದ್ದ.

ಮೊದಲು ಬಂದದ್ದು ವಾಸನೆ. ಘಟ್ಟ ಇಳಿಯುವಾಗ ಬ್ರೇಕಿನ ಲೈನರು ಕಾದು ವಾಸನೆ ಬರುವುದು ಡ್ರೈವರುಗಳಿಗೆ ಹೊಸತಲ್ಲ. ಗುಡ್ಡಪ್ಪ ಗೇರು ಇಳಿಸಿ ಬ್ರೇಕಿಗೆ ಬಿಡುವು ಕೊಟ್ಟ. ಅದು ಲೈನರಲ್ಲ. ಎರಡು ದೀಪದ ವೈರಿನಲ್ಲಿ ಆರು ದೀಪದ ಕರೆಂಟು ಹರಿದು ಅದರ ಮೇಲಿನ ಪ್ಲಾಸ್ಟಿಕ್ಕು ಕರಗುತ್ತಿತ್ತು. ಕರಗಿದ ವೈರು ಹಲಗೆಯ ಬದಿಯ ತಗಡಿಗೆ ತಾಗಿತು. ನಾನು ಗೂಡಿನಲ್ಲಿದ್ದಿದ್ದರೆ ಆ ಕ್ಷಣಕ್ಕೂ ಮುಂಚೆಯೇ ಸತ್ತು, ದೀಪಗಳು ಆರಿ, ಗುಡ್ಡಪ್ಪ ಬೈಯುತ್ತಾ ಲಾರಿಯನ್ನು ಬದಿಗೆ ಹಾಕುತ್ತಿದ್ದ. ಗೂಡಿನಲ್ಲಿ ತಾಮ್ರವಿತ್ತು. ಅದು ಎಲ್ಲವನ್ನೂ ಹರಿಯಬಿಟ್ಟಿತು.

ಕಂಬಳಿ ಹೊತ್ತಿಕೊಂಡಿತು. ಗುಡ್ಡಪ್ಪ ಲಾರಿ ನಿಲ್ಲಿಸಿ "ಶೇಖೂ, ಏಳೋ" ಎಂದು ಕಿರುಚುತ್ತಾ ಅವನ ಕಾಲು ಹಿಡಿದೆಳೆದ. ಉರಿ ಗುಡ್ಡಪ್ಪನನ್ನೇ ಬಾಗಿಲಿನಿಂದ ಹೊರಗೆ ನೂಕಿತು, ಶೇಖಪ್ಪ ಒಳಗೇ ಉಳಿದ. ಅಷ್ಟರಲ್ಲಿ ಬೆಂಕಿ ಹಿಂದಿನ ತಾಡಪತ್ರಿಗೆ ಹತ್ತಿತು. ಆಮೇಲೆ ಮೆಣಸಿನಕಾಯಿ.

ಒಗ್ಗರಣೆಗೆ ಹಾಕಿದ ನಾಲ್ಕು ಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಬರುತ್ತಾರೆ. ಅಲ್ಲಿ ಸುಡುತ್ತಿದ್ದದ್ದು ಒಂದು ಲಾರಿ. ಹಿಂದೆ ಬಂದ ವಾಹನಗಳವರು ನೀರಿನ ಕ್ಯಾನು ಹಿಡಿದು ಓಡಿಬಂದರು. ಇಪ್ಪತ್ತು ಹೆಜ್ಜೆ ದೂರದಲ್ಲೇ ಕಣ್ಣು ಮುಚ್ಚಿ, ಉಸಿರು ಕಟ್ಟಿ ಕುಸಿದರು. ಗುಡ್ಡಪ್ಪ ಮೂರು ಸಲ ಒಳಗೆ ನುಗ್ಗಲು ಹೋದ. ಮೂರನೆಯ ಸಲ ಅವನನ್ನು ನಾಲ್ಕು ಜನ ನೆಲಕ್ಕೆ ಒತ್ತಿ ಹಿಡಿದರು. ಅವನ ಎದೆಗೂ ಮಣ್ಣಿಗೂ ನಡುವೆ ನಾನಿದ್ದೆ. ಶೇಖಪ್ಪನ ದನಿ ನಿಂತದ್ದನ್ನು ನಾನು ಆ ಎದೆಯ ಬಡಿತದಿಂದ ತಿಳಿದೆ.

ಗುಡ್ಡಪ್ಪನ ಕೈಗಳ ಸುಟ್ಟಗಾಯ ಮಾಯಿತು. ಕಣ್ಣು ಅರ್ಧಕ್ಕರ್ಧ ಹೋಯಿತು. ಈಗ ಅವನಿಗೆ ಬಿಸಿಲಿನಲ್ಲೂ ಮಂಜು. ಹೊನ್ನವ್ವ ಮೆಣಸಿನಕಾಯಿ ಶೆಡ್ಡು ಬಿಟ್ಟು ಶಾಲೆಯೊಂದರಲ್ಲಿ ಅಡುಗೆಗೆ ಸೇರಿದಳು. ಆಸ್ಪತ್ರೆಯಲ್ಲಿ ಕೊಟ್ಟ ಸುಟ್ಟ ಅಂಗಿಯ ಕಿಸೆಯಲ್ಲಿ ಅವಳಿಗೆ ನಾನು ಸಿಕ್ಕೆ. ಗುಂಡಿ ಅವಳು ಹಾಕಿದಂತೆಯೇ ಇತ್ತು. ನನ್ನನ್ನು ತೊಳೆದು ಮನೆಯ ಗೋಡೆಯ ಗೂಡಿನಲ್ಲಿಟ್ಟಳು, ಅಷ್ಟೆ.

ಊರಿನವರು ಹೇಳಿದ್ದು ಒಂದೇ: ಆರತಿ ಮುಂದೆ ದೀಪ ಆರಿತ್ತು, ಅಂದೇ ತಿಳಿಯಬೇಕಿತ್ತು. ಕಲ್ಲವ್ವ ಅದನ್ನೇ ಹಿಡಿದು ಬದುಕಿದಳು. ಯಾರ ಮೇಲೂ ಸಿಟ್ಟು ಮಾಡದೆ, ಹಣೆಬರಹವನ್ನು ಮಾತ್ರ ಬೈಯುತ್ತಿದ್ದಳು. ಅಳಿಯನಿಗೆ ತಾನೇ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಎರಡನೆಯ ತುತ್ತಿಗೇ ಗುಡ್ಡಪ್ಪ ಮುಖ ತಿರುಗಿಸುತ್ತಿದ್ದ.

ಶೇಖಪ್ಪನ ವರ್ಷದ ಎಡೆ ಇಟ್ಟ ದಿನ ಮುದುಕಿ ಮತ್ತೆ ಅದೇ ಮಾತೆತ್ತಿದಳು. "ದೀಪ ಹೇಳಿತ್ತು, ತಮ್ಮಾ. ನಮಗ ತಿಳೀಲಿಲ್ಲ."

ಗುಡ್ಡಪ್ಪ ಗೋಡೆ ಹಿಡಿದು ಎದ್ದ. ಗೂಡಿನಲ್ಲಿ ತಡಕಾಡಿ ನನ್ನನ್ನು ತೆಗೆದು ಅತ್ತೆಯ ಅಂಗೈಯಲ್ಲಿಟ್ಟ. ಹೊನ್ನವ್ವ ಬ್ಯಾಡ್ರಿ ಎನ್ನುವಂತೆ ಅವನ ತೋಳು ಹಿಡಿದಳು.

"ಅಪಶಕುನ ಅಲ್ಲ ಅತ್ತೀ. ಗಾಡಿ ಉಳಸಾಕ ದೀಪ ಆರಿತ್ತು. ಇದು ಅಲ್ಲಿ ಇದ್ದಿದ್ರ ಶೇಖೂ ಉಳೀತಿದ್ದ. ಇದು ನನ್ನ ಕಿಸೇದಾಗ ಇತ್ತು."

ಕಲ್ಲವ್ವ ನನ್ನನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದಳು. ಒಳಗಿನ ಎಳೆ ಅವಳಿಗೆ ಕಂಡಿತೋ ಇಲ್ಲವೋ. ಬೈಯದೆ, ಮಗುವನ್ನು ಕೇಳುವ ದನಿಯಲ್ಲಿ ಕೇಳಿದಳು:

"ಕಿಸೇದಾಗ ಯಾಕಿತ್ತಪ್ಪಾ?"

ಶೇಖಪ್ಪ ಕೂಗಿ ಕರೆದದ್ದನ್ನು ಅವನ ತಾಯಿಗೆ ಹೇಳಲು ಒಲ್ಲದೆ ಗುಡ್ಡಪ್ಪ ಎಡೆಯ ಕಡೆ ಮುಖ ತಿರುಗಿಸಿದ. ಕಲ್ಲವ್ವ ನನ್ನನ್ನು ತನ್ನ ಎಲೆಯಡಿಕೆಯ ಸಂಚಿಗೆ ಹಾಕಿಕೊಂಡು ಎದ್ದುಹೋದಳು. ಈಗ ನಾನು ಅಲ್ಲಿದ್ದೇನೆ, ಅಡಿಕೆ ಹೋಳುಗಳ ನಡುವೆ. ಅವಳು ಎಲೆ ಹಾಕಿಕೊಳ್ಳಲು ಸಂಚಿ ಬಿಚ್ಚಿದಾಗಲೆಲ್ಲ ಬೆರಳು ನನಗೆ ತಾಗುತ್ತದೆ. ತಾಗಿದ ಬೆರಳು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಅಡಿಕೆ ಹುಡುಕುತ್ತದೆ.