ದೂರು ಬರದ ಆವೃತ್ತಿ

ಭದ್ರಾವತಿಯಿಂದ ದೂರು ಬಂದರೆ ಸುಮನಾಗೆ ಸಿಟ್ಟು ಬರುತ್ತಿತ್ತು. ಈ ಸಲ ದೂರು ಬರಲಿಲ್ಲ, ಅದಕ್ಕೇ ಸಂಶಯ ಬಂತು.

ಶಿವಮೊಗ್ಗದ ರವೀಂದ್ರನಗರದ ಒಂದು ಮನೆಯ ಮಹಡಿಯಲ್ಲಿ ಅವಳೂ ಕಾಲೇಜಿನ ಗೆಳೆಯ ಜ್ಞಾನೇಶನೂ ಸಾಫ್ಟ್‌ವೇರ್ ಕಂಪನಿ ಎಂದು ಬೋರ್ಡು ಹಾಕಿಕೊಂಡಿದ್ದರು. ಕಂಪನಿ ಎಂದರೆ ಅವರಿಬ್ಬರೇ. ಅವರ ಅನ್ನ ಹೆಚ್ಚುಕಡಿಮೆ ಭದ್ರಾವತಿಯ ಒಂದು ಎರಕದ ಕಾರ್ಖಾನೆಯಿಂದ ಬರುತ್ತಿತ್ತು. ಅಲ್ಲಿ ಲಾರಿ ತೂಗಿ ಚೀಟಿ ಮುದ್ರಿಸುವ ಪ್ರೋಗ್ರಾಮು ಇವರದು. ಮಾರ್ಚಿಗೆ ಕರಾರು ಹೊಸದಾಗಬೇಕಿತ್ತು. ಪ್ರೋಗ್ರಾಮು ಕಟ್ಟಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ತುಂಡುಗಳು, ಅಂದರೆ ಹತ್ತಾರು ಲೈಬ್ರರಿಗಳು ಬೇಕು. ಯಾವುದರ ಯಾವ ಆವೃತ್ತಿ ಬಳಸಬೇಕೆಂದು ಶಿಫಾರಸು ಮಾಡುವ ಟೂಲೊಂದನ್ನು ಸುಮನಾ ತಾನೇ ಬರೆದಿದ್ದಳು. ಆ ಶಿಫಾರಸುಗಳನ್ನು ಆಗಾಗ ತಿದ್ದಿ, ಪ್ರೋಗ್ರಾಮನ್ನು ಮತ್ತೆ ಕಟ್ಟಿ, ಸಿ.ಡಿ.ಯನ್ನು ಕೊರಿಯರ್‌ನಲ್ಲಿ ಕಳಿಸುವುದು ಅವಳ ಕೆಲಸ. ಹೊಸದೆಂದರೆ ಅವಳಿಗೆ ಸ್ವಲ್ಪ ಹುಚ್ಚು, ಅದನ್ನು ಒಪ್ಪಲೇಬೇಕು.

ಈ ಸಲ ಮುದ್ರಣದ ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸಿ ಕಳಿಸಿಬಿಟ್ಟಳು. ಆಮೇಲೆ ಅದರ ಜೊತೆಗಿದ್ದ ಟಿಪ್ಪಣಿ ಓದಿದರೆ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಗೆ ಅದು ಒಗ್ಗುವುದಿಲ್ಲ ಎಂದಿತ್ತು. ಕಾರ್ಖಾನೆಯಲ್ಲಿದ್ದದ್ದು ಅದೇ ಪ್ರಿಂಟರು. ಇವತ್ತು ಫೋನು ಬರುತ್ತದೆ, ನಾಳೆ ಬೈಗುಳ ಬರುತ್ತದೆ ಎಂದು ಕಾದಳು. ಭದ್ರಾವತಿ ತುಟಿ ಪಿಟಕ್ಕೆನ್ನಲಿಲ್ಲ.

"ಅಲ್ಲಿ ಚೀಟಿ ಸರಿಯಾಗಿ ಬರ್ತಿದ್ಯಂತಾ?" ಎಂದು ಜ್ಞಾನೇಶನನ್ನು ಕೇಳಿದಳು.

"ಎಲ್ಲ ಸರಿ ಇದೆ ಮಾರಾಯ್ತಿ. ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದ ಅವನು, ಕಂಪ್ಯೂಟರಿನಿಂದ ಕಣ್ಣೆತ್ತದೆ.

ತಲೆ ಆಗಲೇ ಕೆಟ್ಟಿತ್ತು. ಗುರುವಾರ ಬಂತೆಂದರೆ ಬ್ಯಾಂಕಿನ ಕೆಲಸ ಎಂದು ಇವನು ಮಾಯವಾಗುತ್ತಿದ್ದುದೂ ಈಗ ನೆನಪಾಯಿತು. ಮರುದಿನವೇ ಸುಮನಾ ಅವನಿಗೆ ಹೇಳದೆ ಬಸ್ಸು ಹತ್ತಿದಳು. ಮಲವಗೊಪ್ಪ ದಾಟುವಷ್ಟರಲ್ಲಿ ಅವನನ್ನು ಮನಸ್ಸಿನಲ್ಲೇ ಕಳ್ಳನನ್ನಾಗಿ ಮಾಡಿ ಮುಗಿಸಿದ್ದಳು.

ಕಾರ್ಖಾನೆಯಲ್ಲಿ ತೂಕದ ಚೀಟಿ ಕೊಡುವ ಜಲಜಮ್ಮ ಅವಳನ್ನು ಕಂಡು ಕುರ್ಚಿ ಎಳೆದು ಕೂರಿಸಿದರು.

"ನೀವು ಕಳ್ಸಿದ್ದು ಹಾಕಿದ ತಕ್ಷಣ ಲಾರಿ ನಂಬರೇ ಬೀಳಲ್ಲ ನೋಡಿ. ಮುಂಚೆಯೂ ಹಿಂಗೇ ಕೆಟ್ಟಿತ್ತು. ಜ್ಞಾನೇಶ್ ಬಂದು ಹಳೇದು ಹಾಕಿ ಸರಿ ಮಾಡ್ತಾರೆ. ನಿಮಗೆ ಹೇಳಬೇಡಿ, ಪಾಪ ನೊಂದ್ಕೋತಾಳೆ ಅಂದಿದ್ರು."

ಸುಮನಾಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕೆಟ್ಟಿರ್ಲಿ ಬಿಡ್ಲಿ, ಗುರುವಾರ ತಪ್ಪದೆ ಬರ್ತಾರೆ," ಎಂದರು ಜಲಜಮ್ಮ. "ನಮ್ಮ ಸಾಹುಕಾರ್ರು ಉಜ್ಜನಪ್ಪನೋರ ಹತ್ರ ಕೂತು ಕಾಫಿ ಕುಡಿದು ಹೋಗ್ತಾರೆ. ಅವರೊಬ್ರು ಇಲ್ದಿದ್ರೆ ಇದು ನಡಿಯಲ್ಲ ಅಂತಾರೆ ಸಾಹುಕಾರ್ರು."

ಗೆಳೆಯನನ್ನು ಹೊಗಳಿದರೆಂದೇ ಸುಮನಾ ತಿಳಿದಳು. ವಾಪಸ್ಸು ಬಂದವಳೇ ಅವನ ಮುಂದೆ ನಿಂತು, "ನಿನ್ನ ಮೇಲೆ ಅನುಮಾನ ಪಟ್ಟೆ ಕಣೋ, ತಪ್ಪಾಯ್ತು," ಎಂದಳು. ಅವನು ನಕ್ಕು ಅವಳ ಬೆನ್ನು ತಟ್ಟಿದ.

ಅವತ್ತೇ ಅವಳು ಟೂಲಿನಲ್ಲಿ ಭದ್ರಾವತಿಗೆಂದೇ ಮುದ್ರಣದ ಲೈಬ್ರರಿಯ ಹಳೆಯ ಆವೃತ್ತಿಯನ್ನು ಶಿಫಾರಸು ಮಾಡಿ, ಬೇರೆ ಸಿ.ಡಿ. ಕಳಿಸಿದಳು. ಬುಧವಾರ ಸಂಜೆ ಮನೆಗೆ ಜಲಜಮ್ಮನ ಫೋನು ಬಂತು. "ಹೊಸ ಸಿ.ಡಿ. ಹಾಕಿದ್ವಿ ಮೇಡಂ. ಲಾರಿ ನಂಬರ್ ಚೆನ್ನಾಗಿ ಬೀಳ್ತಿದೆ." ಜ್ಞಾನೇಶನಿಗೆ ಇದನ್ನು ಬೆಳಿಗ್ಗೆ ಹೇಳಿ ಖುಷಿಪಡಿಸಬೇಕೆಂದುಕೊಂಡು ಮಲಗಿದಳು.

ಬೆಳಿಗ್ಗೆ ಅವಳು ಮಹಡಿ ಹತ್ತುವಷ್ಟರಲ್ಲಿ ಜ್ಞಾನೇಶ್ ಚೀಲ ಹೆಗಲಿಗೇರಿಸಿ ನಿಂತಿದ್ದ.

"ಭದ್ರಾವತಿಗೆ ಹೋಗ್ಬರ್ತೀನಿ. ಜಲಜಮ್ಮ ಈಗ ತಾನೇ ಫೋನ್ ಮಾಡಿದ್ರು. ನಿನ್ನ ಹೊಸ ಸಿ.ಡಿ.ನೂ ಕೈ ಕೊಡ್ತಂತೆ, ಲಾರಿ ನಂಬರೇ ಬೀಳ್ತಿಲ್ಲ. ಬೇಜಾರ್ ಮಾಡ್ಕೋಬೇಡ, ನಾನು ನೋಡ್ಕೋತೀನಿ."

ದನಿಯಲ್ಲಿ ಎಂಥ ಅಕ್ಕರೆ. ಸುಮನಾಗೆ ಮೈಯೆಲ್ಲ ಉರಿಯಿತು. ಉಜ್ಜನಪ್ಪನವರ ಎದುರು ಕೂತು ಇವನು ವಾರವಾರ ಯಾರ ಕೆಲಸವನ್ನು ಹಳಿಯುತ್ತಿದ್ದ, ಮಾರ್ಚಿನ ಕರಾರನ್ನು ಯಾರ ಹೆಸರಿಗೆ ಮಾತ್ರ ಕೇಳುತ್ತಿದ್ದ ಎಂಬುದನ್ನು ಇನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವಳು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು.

"ತಡಿ ಮಾರಾಯ," ಎಂದಳು ಮೆಲ್ಲಗೆ. "ನಾನೂ ಬರ್ತೀನಿ."

ಜ್ಞಾನೇಶ್ ಹೆಗಲಿನ ಚೀಲವನ್ನು ಕೆಳಗಿಟ್ಟ.