ಹೊಂಡದ ತಿರುವು

ನನ್ನ ಅಣ್ಣ ಫಕೀರಸಾಬನ ಬಲಗಾಲು ಮಡಚುವುದಿಲ್ಲ. ಊಟಕ್ಕೆ ಕುಳಿತರೆ ಆ ಕಾಲು ತಟ್ಟೆಯ ಆಚೆ ಚಾಚಿಕೊಂಡೇ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಕೂಡ್ಲಿಗಿಯ ಪಾಲಾಕ್ಷಪ್ಪ ನೆನಪಾಗುತ್ತಿದ್ದ. ಅವನು ನೆನಪಾದರೆ ನಾನು ಊಟ ಬಿಟ್ಟು ಏಳುತ್ತಿದ್ದೆ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ನಮ್ಮ ಸೈಕಲ್ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ನಡೆಸುತ್ತಿದ್ದ. ನಾನು, ನೂರಸಾಬ, ಅವನ ಜೊತೆ ಕೂತು ಪಂಕ್ಚರ್ ಹಾಕುತ್ತಿದ್ದೆ. ಪ್ರತಿ ಬೇಸಿಗೆ ಡ್ಯಾಮಿನ ಹಿನ್ನೀರು ಸರಿದಾಗ ನಮ್ಮ ಕಡೆ ಒಂದು ಸೈಕಲ್ ಪಂದ್ಯ ಆಗುತ್ತಿತ್ತು. ಬಸ್ ನಿಲ್ದಾಣದಿಂದ ಹೊರಟು, ಗರಸಿನ ಜಲ್ಲಿಮಣ್ಣಿನ ರಸ್ತೆ ಹಿಡಿದು, ದಂಡೆ ಇಳಿದು, ನೀರು ಬಿಟ್ಟುಕೊಟ್ಟ ಬಯಲಿನ ನಡುವೆ ನಿಂತ ಕಲ್ಲುಮಂಟಪ ಮುಟ್ಟಬೇಕು. ದಾರಿ ಯಾವುದು ಎಂದು ಯಾರೂ ಗುರುತು ಹಾಕುತ್ತಿರಲಿಲ್ಲ. ಮಂಟಪ ಕಣ್ಣಿಗೆ ಕಾಣುತ್ತದೆ, ಹೋಗಿ ಮುಟ್ಟು, ಅಷ್ಟೇ.

ಆ ಬಯಲಿಗೆ ಏರೂ ಇಲ್ಲ, ಇಳಿತವೂ ಇಲ್ಲ. ಸೈಕಲ್ ತುಳಿಯುವವನಿಗೆ ಅಲ್ಲಿರುವ ಒಂದೇ ಗುಡ್ಡ ಅಂದರೆ ಗಾಳಿ. ಒಬ್ಬ ಎದೆಕೊಟ್ಟು ಗಾಳಿ ಸೀಳಿದರೆ ಅವನ ಹಿಂದಿನ ಗಾಲಿಗೆ ಅಂಟಿಕೊಂಡವನು ಅರ್ಧ ದಣಿವಿನಲ್ಲಿ ಬರುತ್ತಾನೆ. ಅದಕ್ಕೇ ಸರದಿ ಇಟ್ಟುಕೊಂಡಿದ್ದೆವು: ಸ್ವಲ್ಪ ದೂರ ನೀನು ಮುಂದೆ, ಸ್ವಲ್ಪ ದೂರ ನಾನು. ಯಾರೂ ಮಾಡಿದ ಕಾನೂನಲ್ಲ, ಮರ್ಯಾದೆ. ಪಾಲಾಕ್ಷಪ್ಪನಿಗೆ ಮಾತ್ರ ಆ ಮರ್ಯಾದೆ ಅಂಟಿರಲಿಲ್ಲ. ಅವನಪ್ಪನಿಗೆ ಎಣ್ಣೆ ಮಿಲ್ಲು, ಅವನಿಗೆ ವರ್ಷಕ್ಕೊಂದು ಹೊಸ ಸೈಕಲ್ಲು. ಇನ್ನೊಬ್ಬರ ಬೆನ್ನ ಹಿಂದೆ ತಂಪಾಗಿ ಬಂದು, ಕೊನೆಯಲ್ಲಿ ಪಕ್ಕಕ್ಕೆ ಹಾರಿ, ಗಂಟೆ ಬಾರಿಸುತ್ತ ಮುಂದೆ ಹೋಗುವುದು ಅವನ ಚಾಳಿ.

ಎಪ್ಪತ್ತೆಂಟರ ಪಂದ್ಯದಲ್ಲಿ ಅವನು ಅಂಟಿಕೊಂಡಿದ್ದು ನನ್ನ ಅಣ್ಣನಿಗೆ. ನಾನು ಅವರಿಬ್ಬರ ಹಿಂದೆಯೇ ಇದ್ದೆ. ದಂಡೆ ಇಳಿಯುವ ಜಾಗದಲ್ಲಿ ಪಾಲಾಕ್ಷಪ್ಪ ಪಕ್ಕಕ್ಕೆ ಸರಿದ, ಕಾಲೆತ್ತಿದ, ಅಣ್ಣನ ಹಿಂದಿನ ಗಾಲಿಗೆ ಒದ್ದ. ನನ್ನ ಕಣ್ಣಾರೆ ಕಂಡೆ. ಅಣ್ಣ ಗರಸಿನ ಮೇಲೆ ಉರುಳಿದ, ಗಾಲಿ ಕಿತ್ತು ಅತ್ತ ಬಿತ್ತು, ಮೊಣಕಾಲ ಚಿಪ್ಪು ಒಡೆಯಿತು. ಪಾಲಾಕ್ಷಪ್ಪ ತಿರುಗಿ ನೋಡಿ ಎರಡು ಸಲ ಗಂಟೆ ಬಾರಿಸಿ ಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಕಾಲಿನ ಸಂಕಟವಷ್ಟೇ ನಮ್ಮದಾಗುತ್ತಿತ್ತು. ಅವನು ಮಂಟಪದ ಕಟ್ಟೆಯ ಮೇಲೆ ಹಾರ ಹಾಕಿಸಿಕೊಂಡು ಹೇಳಿದ: “ನಾ ಏನ್ ಮಾಡ್ಲಿ? ಅವನ ಗಾಲಿ ನಟ್ಟು ಸಡ್ಲ ಇತ್ತು. ತನ್ನ ಸೈಕಲ್ಲಿನ ನಟ್ಟು ಬಿಗಿಯಾಕ ಬರಲಾರ್ದಾವ ಊರವರ ಸೈಕಲ್ಲು ರಿಪೇರಿ ಮಾಡ್ತಾನ.” ಜನ ನಕ್ಕರು. ಅವನು ಒದ್ದದ್ದನ್ನು ನಾನು ಹೇಳಿದರೆ, ಬಿದ್ದವನ ತಮ್ಮ ಇನ್ನೇನು ಹೇಳುತ್ತಾನೆ ಎಂದರು. ಆಮೇಲೆ ನಮ್ಮ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಬೆಳಿಗ್ಗೆ ಬಾಗಿಲು ತೆಗೆದು ನಟ್ಟು ತಿರುಗಿಸುವ ಪಾನಾ ಒರೆಸಿಡುವುದು, ಸಂಜೆ ಅದೇ ಪಾನಾ ಒಳಗಿಡುವುದು. ಅಣ್ಣ ಒಂದು ದಿನವೂ ಬಯ್ಯಲಿಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡೆ.

ಮರುವರ್ಷ ನೀರು ತಡವಾಗಿ ಇಳಿಯಿತು. ಮಂಟಪದ ಊರು ನಮ್ಮ ಅವ್ವ ಲಾಲ್ ಬೀಯ ತವರು, ಡ್ಯಾಮಿನಲ್ಲಿ ಮುಳುಗಿದ್ದು. ಬೇಸಿಗೆಯಲ್ಲಿ ಅಲ್ಲಿನ ಗೋರಿಗಳು ಹೊರಬಂದಾಗ, ಮುಳುಗಿದ ಊರವರೆಲ್ಲ ಹೋಗಿ ಕೆಸರು ತೊಳೆದು ಹೂವಿಟ್ಟು ಬರುವುದು ರೂಢಿ. ಪಂದ್ಯಕ್ಕೆ ವಾರವಿದೆ ಅನ್ನುವಾಗ ಅವ್ವನ ಜೊತೆ ಹೋದೆ. ಅವಳು ಕೋಲು ಊರುತ್ತ ಮುಂದೆ ನಡೆದಳು. ಕೋಲಿನ ತುದಿಗೆ ಗರಸು ಕರಕರ ಅಂದರೆ ಕೆಳಗೆ ಹಳೆಯ ರಸ್ತೆ ಇದೆ ಎಂದು ಅರ್ಥ. ಒಂದು ಕಡೆ ಅವಳು ಎಡಕ್ಕೆ ಹೊರಳಿದಳು. ಮಂಟಪ ನೇರ ಎದುರಿಗಿತ್ತು, ನೆಲ ಒಣಗಿ ಬಿರಿದು ಗಟ್ಟಿಯಾಗಿ ಕಾಣುತ್ತಿತ್ತು. ನಾನು ನೇರ ಕಾಲಿಟ್ಟೆ. ಮೊಣಕಾಲಿನ ತನಕ ಇಳಿದೆ.

“ಲೇ, ಅದು ಊರ ಹೊಂಡ,” ಎಂದು ಅವ್ವ ರಟ್ಟೆ ಹಿಡಿದು ಎಳೆದಳು. “ದಾರಿ ಹೊಂಡ ಬಳಸಿ ಹೋಗ್ತೈತಿ. ನೀರು ಬೇಗ ಇಳಿದ ವರ್ಷ ಎಲ್ಲಾ ಒಣಗಿರ್ತೈತಿ, ಯಾರು ಬೇಕಾದ್ರೂ ಮ್ಯಾಲೆ ಹಾದು ಹೋಗ್ತಾರ. ಈ ವರ್ಷ ಮ್ಯಾಲಿನ ಹೆಕ್ಕಳಿಕಿ ಅಷ್ಟ ಒಣಗೇತಿ, ಒಳಗ ಕೆಸರು.”

ನಾನು ನಕ್ಕೆ. ಕೆಸರು ಮೆತ್ತಿಕೊಂಡು ಯಾಕೆ ನಗುತ್ತೀ ಎಂದು ಅವ್ವ ಕೇಳಿದಳು. ಹಿಂದಿನ ವರ್ಷ ಪಾಲಾಕ್ಷಪ್ಪ ಗಂಟೆ ಬಾರಿಸುತ್ತ ಇದೇ ಹೊಂಡದ ಮೇಲೆ ನೇರ ಹಾದು ಹೋಗಿದ್ದ. ಕೂಡ್ಲಿಗಿಯ ಕೆಂಪು ನೆಲದವನು. ಮೇಲೆ ಒಣಗಿದ್ದು ಒಳಗೂ ಒಣಗಿದೆ ಎಂದು ನಂಬುವವನು.

ತಿರುವಿನ ಹತ್ತಿರ ಅಂಜಿನಕ್ಕ ಎಂಬವಳು ಸೌತೆಬಳ್ಳಿ ಹಾಕಿ ಗುಡಿಸಲಲ್ಲಿ ಕಾವಲಿದ್ದಳು. ಅವಳಿಗೆ ಹೇಳಿದೆ, “ಪಂದ್ಯದ ದಿನ ನಾಕು ಮಂದೀನ ಕರಕೊಂಡು ಇಲ್ಲೇ ಕುಂತಿರಕ್ಕ. ಒಂದು ಹಗ್ಗ ಇರ್ಲಿ.”

ಪಂದ್ಯದ ದಿನ ಗಾಳಿ ಎದುರಿಗೇ ಬೀಸುತ್ತಿತ್ತು. ನಾನು ಮೊದಲಿನಿಂದ ಮುಂದೆ ನಿಂತೆ. ಗರಸಿನ ಕಲ್ಲು ಗಾಲಿಯ ಕೆಳಗಿಂದ ಸಿಡಿದು ಮೊಣಕಾಲಿಗೆ ಬಡಿಯುತ್ತಿತ್ತು. ಹಿಂದೆ ಎಣ್ಣೆ ಹಾಕಿದ ಹೊಸ ಚೈನಿನ ಸದ್ದು ಕೇಳಿತು, ಪಾಲಾಕ್ಷಪ್ಪ ಬಂದ, ಅಂಟಿಕೊಂಡ. ಸರದಿ ಕೇಳಲಿಲ್ಲ. ನಾನೂ ಕೊಡಲಿಲ್ಲ. ಬಾ ಮಗನೇ ಬಾ, ನೆರಳಲ್ಲೇ ಬಾ ಎಂದುಕೊಂಡು ತುಳಿದೆ. ಎದೆ ಉರಿಯುತ್ತಿತ್ತು, ಆದರೂ ಅಷ್ಟು ಸಂತೋಷದಿಂದ ನಾನು ಎಂದೂ ಸೈಕಲ್ ತುಳಿದಿಲ್ಲ.

ದಂಡೆ ಇಳಿದೆವು. ಉಳಿದವರು ಬಹಳ ಹಿಂದಿದ್ದರು. ಗಾಲಿಯ ಕೆಳಗೆ ಕರಕರ ಸದ್ದು ಬಿಡದಂತೆ ನೋಡಿಕೊಂಡೆ. ಅಂಜಿನಕ್ಕನ ಗುಡಿಸಲು ಬಂತು. ಬೇಕೆಂದೇ ಬಾಯಿ ತೆರೆದು ಏದುಸಿರು ಬಿಟ್ಟು ಎಡಕ್ಕೆ ಹೊರಳಿದೆ. ಅವನಿಗೆ ನಾನು ದಣಿದು ದಾರಿ ಬಿಟ್ಟಂತೆ ಕಂಡಿರಬೇಕು. ಗಂಟೆ ಬಾರಿಸಿದ, ಮಂಟಪ ನೋಡಿಕೊಂಡು ನೇರ ನುಗ್ಗಿದ.

ಹಪ್ಪಳ ಮುರಿದಂತೆ ಸದ್ದಾಯಿತು. ಸೈಕಲ್ಲು ಹ್ಯಾಂಡಲ್ ತನಕ ಒಳಗೆ ಹೋಯಿತು, ಅವನು ಸೊಂಟದ ತನಕ. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತಿತ್ತು.

ನಾನು ಸೈಕಲ್ ನಿಲ್ಲಿಸಿ ಗಟ್ಟಿ ದಾರಿಯ ಮೇಲೆ ನಿಂತೆ.

“ನೂರಸಾಬ, ಕೈ ಕೊಡಪ,” ಎಂದ.

“ಕೈ ಆಮೇಲೆ. ಮೊದ್ಲು ಕಾಲಿನ ಮಾತು ಹೇಳು. ಹೋದ ವರ್ಷ ದಂಡಿ ಮ್ಯಾಲೆ ನಿನ್ನ ಕಾಲು ಏನ್ ಮಾಡ್ತು?”

ಅವನು ಹ್ಯಾಂಡಲ್ ಊರಿ ಮೇಲೇಳಲು ನೋಡಿದ. ಹಿಂದಿನಿಂದ ಬಂದವರು ಅವನನ್ನು ನೋಡಿ, ನನ್ನ ಗಾಲಿಯ ಗುರುತು ಹಿಡಿದು ಬಳಸಿಕೊಂಡು ಹೋದರು. ಹಿರೇಹಡಗಲಿಯ ಒಬ್ಬ ಹಾಲಿನವನು ಮಂಟಪ ಮುಟ್ಟಿದ. ಮುಟ್ಟಲಿ ಎಂದುಕೊಂಡೆ. ಅಂಜಿನಕ್ಕ ನಾಲ್ಕು ಹೆಂಗಸರ ಜೊತೆ ಹಗ್ಗ ಹಿಡಿದು ಬಂದಳು.

“ಹಾಕಲೇನು?”

“ತಡಿಯಕ್ಕ. ಅವ ಒಂದು ಮಾತು ಹೇಳೋದೈತಿ.”

ಕೆಸರು ಇನ್ನೊಂದು ಗೇಣು ಏರಿತು. ಪಾಲಾಕ್ಷಪ್ಪನ ಮುಖ ಬಿಳಿಚಿತು. “ಒದ್ದೆ,” ಎಂದ ಮೆಲ್ಲಗೆ.

“ಯಾವುದಕ್ಕ ಒದ್ದಿ?”

“ಫಕೀರಸಾಬನ ಗಾಲಿಗೆ ಒದ್ದೆ. ನಟ್ಟು ಬಿಗೀನ ಇತ್ತು. ಸುಳ್ಳು ಹೇಳೀನಿ.”

“ಅಂಜಿನಕ್ಕಗ ಕೇಳಿಸ್ಲಿಲ್ಲ.”

ಮೊದಲನೆಯ ಸಲವೇ ಸರಿಯಾಗಿ ಕೇಳಿಸಿತ್ತು ಎಂದು ಅವಳು ಆಮೇಲೆ ಹೇಳಿದಳು. ಆಗ ಮಾತ್ರ ಕಿವಿಯ ಹಿಂದೆ ಕೈ ಇಟ್ಟುಕೊಂಡು ನಿಂತಳು. ಅವನು ಇನ್ನೊಮ್ಮೆ ಹೇಳಬೇಕಾಯಿತು, ಕೂಗಿ. ಹಗ್ಗ ಹಾಕಿರಿ ಎಂದು ಹೇಳಿ ನಾನು ಸೈಕಲ್ ಹತ್ತಿದೆ. ಹೊರಡುವಾಗ ಎರಡು ಸಲ ಗಂಟೆ ಬಾರಿಸಿದೆ.

ಸೌತೆಕಾಯಿ ಮಾರಲು ಹೋದ ಹೆಂಗಸರು ಆ ಮಾತನ್ನು ಕೊಟ್ಟೂರು, ಹಡಗಲಿ ತನಕ ಮುಟ್ಟಿಸಿದರು. ಸಂತೆಯ ದಿನ ಪಾಲಾಕ್ಷಪ್ಪ ತಾನೇ ಆ ಸೈಕಲ್ಲು ತಳ್ಳಿಕೊಂಡು ನಮ್ಮ ಅಂಗಡಿಗೆ ಬಂದ. ಬೇರಿಂಗಿನೊಳಗೆ ಹೊಂಡದ ಮಣ್ಣು ಸೇರಿತ್ತು. ಸುದ್ದಿ ಕೇಳಿದ್ದ ಪಕ್ಕದ ಸೈಕಲ್ ಅಂಗಡಿಯವನು ಮುಟ್ಟುವುದಿಲ್ಲ ಎಂದಿದ್ದ. ಎತ್ತಿ ಆಚೆ ಎಸೆಯಬೇಕೆಂದು ನಾನು ಎದ್ದೆ. ಅಣ್ಣ ಕಣ್ಣಲ್ಲೇ ಕೂರಿಸಿದ.

ಅಣ್ಣ ಮಡಚದ ಕಾಲನ್ನು ಚಾಚಿಕೊಂಡು ಪೂರ್ತಿ ಸೈಕಲ್ಲು ಬಿಚ್ಚಿದ. ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ, ಗ್ರೀಸು ಹಚ್ಚಿದ, ಜೋಡಿಸಿದ. ಸಂತೆಯ ಜನ ಸುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಒಳ್ಳೆಯವನಾಗಬೇಡ ಅಣ್ಣಾ ಎಂದು ಮನಸ್ಸಿನಲ್ಲೇ ಬಯ್ದೆ. ಕೊನೆಗೆ ಅವನು ಹಿಂದಿನ ಗಾಲಿಯ ನಟ್ಟು ಬಿಗಿದು ಪಾನಾ ಮುಂದೆ ಚಾಚಿದ.

“ನೋಡು. ಬಿಗಿ ಐತೇನು? ಎಲ್ಲಾರಿಗೂ ಕೇಳಂಗ ಹೇಳು.”

ಪಾಲಾಕ್ಷಪ್ಪ ಪಾನಾ ಹಾಕಿ ನೋಡಿದ. “ಬಿಗಿ ಐತಿ,” ಎಂದ.

ಅಣ್ಣ ಪಾನಾ ವಾಪಸು ಇಸಿದುಕೊಂಡು ಅದೇ ನಟ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

“ನಟ್ಟು ಸಡ್ಲ ಐತಿ ಅಂದಿದ್ದಿಯಲ್ಲ, ಈಗ ಖರೇ ಆತು. ತಗೊಂಡು ಹೋಗು.”

ಪಾಲಾಕ್ಷಪ್ಪ ಪಕ್ಕದ ಅಂಗಡಿಯವನ ಕಡೆ ನೋಡಿದ. ಅವನ ಹತ್ತಿರ ಅಂದು ಆ ಅಳತೆಯ ನಟ್ಟು ಇರಲಿಲ್ಲವಂತೆ. ಸೈಕಲ್ಲಿನ ಹಿಂಭಾಗ ಎತ್ತಿ ಹಿಡಿದುಕೊಂಡು ಕೂಡ್ಲಿಗಿ ರಸ್ತೆ ಹಿಡಿದ. ಅವನು ಮರೆಯಾಗುವ ಮೊದಲೇ ಒಬ್ಬ ಮುದುಕ ತನ್ನ ಸೈಕಲ್ಲನ್ನು ನಮ್ಮ ಅಂಗಡಿಯ ಗೋಡೆಗೆ ಒರಗಿಸಿ, ಬ್ರೇಕು ನೋಡಪ್ಪಾ ಎಂದ.

ಆ ನಟ್ಟು ಈಗಲೂ ನಮ್ಮ ಅಂಗಡಿಯ ಮೊಳೆಗೆ ನೇತಾಡುತ್ತಿದೆ. ಯಾರಾದರೂ ಆ ಅಳತೆಯ ನಟ್ಟು ಕೇಳಿದರೆ ಬೇರೆಯದನ್ನು ಕೊಡುತ್ತೇವೆ.