ಬೇವಿನ ಹೂವಿನ ಸೋಡಾ

ಕಲೀಮ ಚಾಚಾ ಒಲ್ಲೆ ಎಂದರೆ ಸೋಮವಾರ ಔರಾದಿನ ಬಸ್ಸು ಹತ್ತಬೇಕು. ಹಾಗೆಂದು ಹೇಳಿಯೇ ಸಖುಬಾಯಿ ಮಗಳನ್ನು ಭಾತಂಬ್ರಾದಿಂದ ಬೀದರಿಗೆ ಕರೆತಂದಿದ್ದಳು. ಔರಾದಿನಲ್ಲಿ ಸೋದರತ್ತೆಯ ಬಳೆ ಅಂಗಡಿ. ಬಂದವರನ್ನೆಲ್ಲ ಬಾಯಿ ತುಂಬ ಕರೆದು, ಹೊಗಳಿ, ಬಳೆ ತೊಡಿಸಬೇಕು. ಎದ್ದು ನಿಂತು ಪಾಠ ಓದಲು ದನಿ ಹೊರಡದೆ ಶಾಲೆಯನ್ನೇ ಬಿಟ್ಟ ಸಿದ್ದೇಶ್ವರಿಗೆ ಅದು ಬೇಡವೇ ಬೇಡವಾಗಿತ್ತು.

ಗಾಂಧಿ ಗಂಜ್ ಮಾರುಕಟ್ಟೆಯ ಮೂಲೆಯಲ್ಲಿ ಕಲೀಮನ ಸೋಡಾ ಬಂಡಿ. ಹಿಂದೊಮ್ಮೆ ತಾಯಿ ಮಗಳು ತೊಗರಿ ಮಾರಲು ಬಂದಿದ್ದಾಗ ಅವನು, ಹೋಟೆಲಿನ ಟಾನಿಕ್ ವಾಟರಿನಂಥ ಕಹಿ ಸೋಡಾಕ್ಕೆ ಯಾರಾದರೂ ಮನೆಯಲ್ಲೇ ಪಾಕ ಮಾಡಿಕೊಟ್ಟರೆ ಕೊಳ್ಳುತ್ತೇನೆ ಎಂದಿದ್ದ. ಸಿದ್ದೇಶ್ವರಿ ಅದನ್ನು ಮರೆತಿರಲಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನ ಹೂವು, ತೆಳ್ಳಗೆ ಹೆರೆದ ಲಿಂಬೆ ಸಿಪ್ಪೆ, ಜಜ್ಜಿದ ಶುಂಠಿ ಕುದಿಸಿ, ಬೆಲ್ಲ ಕರಗಿಸಿ, ಆರಿದ ಮೇಲೆ ಲಿಂಬೆರಸ ಹಿಂಡಿದ್ದಳು. ಕೊನೆಗೆ, ಯುಗಾದಿಗೆ ಮನೆಯಲ್ಲಿ ಬೇವಿನ ಪಾನಕ ಕಲಸುವ ರೂಢಿಯಂತೆ, ಒಂದು ಹಿಡಿ ಪುಟಾಣಿ, ಅಂದರೆ ಹುರಿಗಡಲೆ ಹಿಟ್ಟು. ಅದಿಲ್ಲದ ಬೇವನ್ನು ಅವರ ಓಣಿಯಲ್ಲಿ ಯಾರೂ ಕುಡಿಯುವುದಿಲ್ಲ.

ಕಲೀಮ ಗ್ಲಾಸಿನ ತಳಕ್ಕೆ ಪಾಕ ಸುರಿದು ಮೇಲೆ ಸೋಡಾ ಬಿಟ್ಟ. ನೊರೆ ಭುಸ್ಸೆಂದು ಎದ್ದು, ಗ್ಲಾಸು ದಾಟಿ, ಅವನ ಗಡ್ಡಕ್ಕೆ ಸಿಡಿಯಿತು.

"ಚಾಚಾ, ಸೋಡಾಕ್ಕ ಸಾಬಣ ಹಾಕೀರೇನ್ರಿ?" ಚೀಲದ ಮೇಲೆ ಕೂತಿದ್ದ ಹಮಾಲಿ ಮಡೆಪ್ಪ ನಕ್ಕ. "ತಡೀರಿ, ನಾನೂ ಕೈ ತೊಳಕೋತೇನಿ!"

"ನಡಿ ಸಿದ್ದಿ," ಸಖುಬಾಯಿ ಎದ್ದಳು. "ಅತ್ತಿ ಹಾದಿ ನೋಡ್ತಿರ್ತಾಳ."

ಸಿದ್ದೇಶ್ವರಿಗೆ ಓಡಿಹೋಗಬೇಕೆನಿಸಿತು. ಆದರೆ ಕಣ್ಣು ಗ್ಲಾಸಿನಲ್ಲೇ ಸಿಕ್ಕಿಕೊಂಡಿತ್ತು. ನೊರೆ ಇಳಿದರೂ ಹಿಟ್ಟಿನ ಒಂದೊಂದು ಕಣದಿಂದಲೂ ಗುಳ್ಳೆ ಏಳುತ್ತಲೇ ಇತ್ತು. ಮನೆಯಲ್ಲಿ ಬೇವು ಕಲಸುವುದು ಕೊಡದ ನೀರಿನಲ್ಲಿ. ಅದರಲ್ಲೆಲ್ಲಿಯ ಗ್ಯಾಸು?

"ಚಾಚಾ," ಎಂದಳು. ದನಿ ಹೊರಬಂದದ್ದು ಅವಳಿಗೇ ಆಶ್ಚರ್ಯ. "ತೊಳದ ಅರಬಿ ಅದ ಏನ್ರಿ? ಹಿಟ್ಟು ಸೋಸಬೇಕು."

ಕಲೀಮ ಗಡ್ಡ ಒರೆಸಿಕೊಳ್ಳುತ್ತ ಲಿಂಬೆರಸ ಸೋಸುವ ಬಟ್ಟೆ ಕೊಟ್ಟ. ಅದನ್ನು ಮಡಿಕೆ ಹಾಕಿ, ಬಾಟಲಿಯ ಪಾಕವನ್ನು ಸ್ವಲ್ಪ ಸ್ವಲ್ಪವೇ ಸುರಿದಳು. ಅದು ತೊಟ್ಟಿಕ್ಕುವಷ್ಟರಲ್ಲಿ ಪಕ್ಕದ ಲಾರಿ ತುಂಬಿ ಹೊರಟೇಹೋಯಿತು. ಸಖುಬಾಯಿ ಗೊಣಗುತ್ತಲೇ ಇದ್ದಳು. ಕೊನೆಗೆ ಜೇನಿನ ಬಣ್ಣದ ತಿಳಿ ಪಾಕ ಸಿಕ್ಕಿತು. ಈ ಸಲ ಸಿದ್ದೇಶ್ವರಿಯೇ ಗ್ಲಾಸು ವಾರೆ ಹಿಡಿದು, ಅಂಚಿನಗುಂಟ ಮೆಲ್ಲಗೆ ಸೋಡಾ ಇಳಿಸಿದಳು. ನೊರೆ ಬೆರಳಷ್ಟು ಎದ್ದು ನಿಂತಿತು.

ಮಡೆಪ್ಪ ಒಂದು ಗುಟುಕು ಕುಡಿದು ಮುಖ ಕಿವಿಚಿದ. ಅವನು ಗ್ಲಾಸು ನೋಡಿದ, ಮತ್ತೆ ಕುಡಿದ, ಪೂರ್ತಿ ಖಾಲಿ ಮಾಡಿದ.

"ಕಹಿ ಅದ ಯಪ್ಪಾ! ಆದ್ರ ಕಡೀಕ ಸೀ ಬರ್ತದ. ಇನ್ನೊಂದು ಹಾಕ್ರಿ ಚಾಚಾ."

"ಮದ್ಲ ಕೈ ತೊಳಕೊಂಡು ಬಾ," ಎಂದ ಕಲೀಮ. ಆಮೇಲೆ ಸಿದ್ದೇಶ್ವರಿಯ ಕಡೆ ತಿರುಗಿದ. "ಹಿಟ್ಟು ಬಿಟ್ಟು ಮಾಡ್ಕೊಂಡು ಬಾ, ಬೇಟಿ. ಬ್ಯಾಸಗಿ ಪೂರಾ ನಿನ್ನ ಮಾಲು ನನ್ನ ಬಂಡಿಗೆ."

ಸಖುಬಾಯಿ ಸೆರಗಿನಿಂದ ಫೋನು ತೆಗೆದಳು. "ಔರಾದಿಗೆ ನಾ ಹೇಳ್ಲೇನು?"

"ಕೊಡವ್ವ. ನಾನೇ ಹೇಳ್ತೇನಿ."

"ಯಾರು ಮಾತಾಡೋದು?" ಎಂದಳು ಆ ಕಡೆಯಿಂದ ಅತ್ತೆ, "ಅತ್ತಿ" ಎಂಬ ಕರೆ ಕೇಳಿ. ಈ ದನಿಯನ್ನು ಅವಳು ಫೋನಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನಾನ್ರಿ ಅತ್ತಿ, ಸಿದ್ದಿ. ಸೋಮವಾರ ಬರಂಗಿಲ್ರಿ. ಲಿಂಬಿಹಣ್ಣು ತರೋದದ."